ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು : ದರ್ಶನವೂ ಕರ್ಮವೂ

ಶಿವಶರಣರ ಚರಿತ್ರೆಯನ್ನು ಶ್ರವಣ ಮಾಡುವುದು ಶ್ರೇಯಸ್ಕರವೆಂಬುದು ನಮ್ಮ ಹಿರಿಯರ ಮತವಾಗಿರುವುದು. ಆದರೆ ಮನನವಿಲ್ಲದ ಶ್ರವಣವು ಬಿತ್ತದೆ ಬಿಟ್ಟ ಬೀಜದಂತೆ ನಿಷ್ಫಲವಾಗುವುದು. ಶ್ರೀಮಠಕ್ಕೆ ಬಂದು ಹೋಗುವ ಸದ್ಭಕ್ತರಲ್ಲಿ ಕೆಲವರು ಆಗಾಗ ಒಂದು ಸಂಶಯವನ್ನು ಮುಂದಿಡುವುದುಂಟು. ಬಹುಕಾಲದಿಂದ ನೇಮ ತಪ್ಪದೆ ಲಿಂಗಪೂಜೆಯನ್ನು ನಡೆಸಿದರೂ ಶಿವದರ್ಶನವೆಂಬುದು ತಮಗೆ ಲಭಿಸಲಿಲ್ಲ, ಇದು ಯಾವ ಜನ್ಮದ ಕರ್ಮದ ಫಲವಾಗಿರಬಹುದೆಂದು ಅವರು ಕೊರಗುವರು. ಮತ್ತೆ ಕೆಲವರಿಗೆ ಧ್ಯಾನಕಾಲದಲ್ಲಿ ಕ್ಷಣಮಾತ್ರ ಬೆಳಕೊಂದು ತೋರುವುದು, ಅಥವಾ ಕಣ್ಣಿನಲ್ಲಿ ಆನಂದಾಶ್ರು ಸುರಿಯುವುದು. ಅಷ್ಟರಿಂದಲೇ ತಮ್ಮ ಕರ್ಮವೆಲ್ಲ ಸವೆದುಹೋಯಿತೆಂದು ಅವರು ಭಾವಿಸಿ, ಮಾಡತಕ್ಕ ಕಾರ್ಯದಲ್ಲಿ ಉದಾಸೀನರಾಗುವರು. ಈ ಎರಡೂ ಬಗೆಯ ಭ್ರಾಂತಿಗೆ ಶಾಸ್ತ್ರಚರ್ಚೆಗಿಂತಲೂ ಒಬ್ಬ ಮಹಾತ್ಮರ ಜೀವಿತವೇ ಲೇಸಾದ ಸಮಾಧಾನವನ್ನು ಹೇಳಬಲ್ಲುದು. ಆ ಮಹಾತ್ಮರೇ ಸೊನ್ನಲಿಗೆಯ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ಯಥಾಮತಿಯಾಗಿ ನಿರೂಪಿಸಲಾಗುವುದು.

ಸಿದ್ಧರಾಮೇಶ್ವರರು ಕ್ರಿ. ಶ. 12ನೆಯ ಶತಮಾನದಲ್ಲಿ ಬಾಳಿದವರು. ಅವರ ಸೊನ್ನಲಿಗೆಯೇ ಈಗಿನ ಮಹಾರಾಷ್ಟ್ರ ರಾಜ್ಯದಲ್ಲಿರುವ ಸೊಲ್ಲಾಪುರವು. ಆ ಕಾಲದಲ್ಲಿ ಅದು ಕನ್ನಡ ಅರಸುಗಳ ಆಳ್ವಿಕೆಗೆ ಒಳಪಟ್ಟ ಕನ್ನಡನಾಡಿನ ಊರಾಗಿದ್ದಿತು. ಇಂದಿಗೂ ಅಲ್ಲಿ ಮರಾಠಿ ತೆಲುಗುಗಳೊಡನೆ ಕನ್ನಡವು ಮನೆಮಾತಾಗಿ ಉಳಿದಿರುವುದು. ಇವರ ಚರಿತ್ರೆಗೆ ನಮಗಿರುವ ಮುಖ್ಯ ಆಧಾರಗಳು ಎರಡು. ಹಂಪೆಯ ಹರಿಹರದೇವರ ಸೋದರಳಿಯನಾದ ರಾಘವಾಂಕ ಕವಿಯ ಸಿದ್ಧರಾಮಚಾರಿತ್ರವೆಂಬ ಷಟ್ಪದಿ ಕಾವ್ಯವು ಮೊದಲನೆಯದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಾಗಿ ಸಂಕಲಿಸಿದ ಶೂನ್ಯಸಂಪಾದನೆಯು ಎರಡನೆಯದು. ಬಾಲ್ಯವನ್ನೂ ಶ್ರೀಶೈಲದ ವೃತ್ತಾಂತವನ್ನೂ ಸೊನ್ನಲಿಗೆಯ ಧರ್ಮಕಾರ್ಯಗಳನ್ನೂ ಮೊದಲನೆಯ ಗ್ರಂಥವು ವಿಸ್ತರಿಸುವುದು; ಪ್ರಭುದೇವರ ಆಗಮನಕ್ಕೂ ಕಲ್ಯಾಣದ ಪ್ರಸಂಗಕ್ಕೂ ಎರಡನೆಯದನ್ನೇ ಆಶ್ರಯಿಸಬೇಕು. ಇವೆರಡನ್ನೂ ಕೂಡಿಸಿ ನೋಡಿದಲ್ಲದೆ ಆ ಜೀವಿತದ ಸಮಗ್ರತತ್ತ್ವವು ವಿಶದವಾಗುವುದಿಲ್ಲ.

ಸೊನ್ನಲಿಗೆಯಲ್ಲಿ ಮುದ್ದಗೌಡ, ಸುಗ್ಗಲೆ ಎಂಬ ಸಾತ್ತ್ವಿಕ ದಂಪತಿಗಳಿದ್ದರು. ಮಹಾತ್ಮರಾದ ರೇವಣಸಿದ್ಧರು ಆ ಊರಿಗೆ ದಯಮಾಡಿಸಿದಾಗ, ಸುಗ್ಗಲೆಯ ಗರ್ಭದಲ್ಲಿ ಲೋಕೋದ್ಧಾರಕನಾದ ಶಿವಯೋಗಿಯು ಅವತರಿಸುವನೆಂದು ಮುನ್ನುಡಿದರೆಂಬ ಐತಿಹ್ಯವುಂಟು. ತಾಯಿಗೆ ವಯಸ್ಸು ಮೀರಿದ್ದ ಕಾಲದಲ್ಲಿ ಶಿಶುವು ಜನಿಸಿತು. ಮನೆದೇವರ ಹೆಸರಿನಿಂದ ಅದಕ್ಕೆ ಧೂಳಿಮಾಕಾಳನೆಂದು ಕರೆದರು. ಆದರೆ ಆ ಶಿಶುವು ಉಳಿದ ಮಕ್ಕಳಂತೆ ಇರಲಿಲ್ಲ. ಹಸಿವೆಂದು ಅಳಲಿಲ್ಲ, ಆಟಪಾಟಗಳಲ್ಲಿ ಮನಸ್ಸಿಡಲಿಲ್ಲ, ಮಾತೂ ವಿರಳವಾಗಿದ್ದಿತು. ಊರವರು ಇವನನ್ನು ಜಡನೆಂದೇ ಎಣಿಸಿದರು. ಬೇರೆ ಯಾವ ಕೆಲಸಕ್ಕೂ ಬಾರನೆಂದು ತಿಳಿದು ದನಕರುಗಳನ್ನು ಕಾಯುವುದಕ್ಕೆ ಕಳುಹಿಸುತ್ತಿದ್ದರು. ಬಾಲಕನಾದರೋ ಗೋವುಗಳನ್ನು ಮೇಯಬಿಟ್ಟು, ತಾನು ಒಂದೆಡೆಯಲ್ಲಿ ಕುಳಿತು ಕಣ್ಣು ಮುಚ್ಚಿ ಅಂತರ್ಮುಖನಾಗಿರುತ್ತಿದ್ದನು. ಲೋಕದ ಕಣ್ಣಿಗೆ ಜಾಡ್ಯವಾಗಿ ತೋರಿದುದು ಒಳಗೆ ನೆಲೆಗೊಳ್ಳುತ್ತಿದ್ದ ಯೋಗವೆಂಬುದನ್ನು ಆಗ ಬಲ್ಲವರಾರು?

ಒಂದು ದಿವಸ ಆ ಹೊಲದ ಬದಿಗೆ ಒಬ್ಬ ಜಂಗಮಮೂರ್ತಿಯು ಬಂದನು. ತನ್ನ ಹೆಸರು ಮಲ್ಲಯ್ಯನೆಂದೂ ತನ್ನ ಊರು ಶ್ರೀಶೈಲವೆಂದೂ ಹೇಳಿ, ಎಳೆಯ ತೆನೆಗಳ ಬೆಳಸೆಯನ್ನು ಬೇಡಿದನು. ಬಾಲಕನು ಸಂತೋಷದಿಂದ ತೆನೆಗಳನ್ನು ಸುಟ್ಟು ಉಜ್ಜಿ ಕೊಟ್ಟನು. ಅದನ್ನು ಉಂಡ ಜಂಗಮನು ಒಡಲುರಿಯೆಂದು ಹೇಳಿ ಮಜ್ಜಿಗೆಯ ಬುತ್ತಿಯನ್ನು ಬಯಸಿದನು. ಅದುವರೆಗೆ ತುಟಿ ಬಿಚ್ಚುವುದೇ ಅಪರೂಪವಾಗಿದ್ದ ಮಗನು ಮನೆಗೆ ಓಡಿಬಂದು ಬುತ್ತಿಯನ್ನು ಕೇಳಿದುದನ್ನು ಕಂಡು ತಾಯಿಯು ಬೆರಗಾಗಿ, ಹರ್ಷದಿಂದ ಕಟ್ಟಿಕೊಟ್ಟಳು. ಬಾಲಕನು ಅದನ್ನು ಹೊತ್ತುಕೊಂಡು ಹೊಲಕ್ಕೆ ಮರಳಿದಾಗ ಅಲ್ಲಿ ಯಾರೂ ಇರಲಿಲ್ಲ. ಗಿಡಗಂಟೆಗಳನ್ನೆಲ್ಲ ಹುಡುಕಿದನು, ಮಲ್ಲಯ್ಯನನ್ನು ಕೂಗಿ ಕೂಗಿ ಅತ್ತನು. ಆ ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಇವನ ಅಳಲನ್ನು ಕೇಳಿ, ಮಲ್ಲಯ್ಯನನ್ನು ತಾವು ತೋರಿಸುವೆವೆಂದು ತಮ್ಮೊಡನೆ ಕರೆದೊಯ್ದರು.

ಕೃಷ್ಣಾನದಿಯ ದಡದ ನಲ್ಲಮಲೆಯ ಅರಣ್ಯದಲ್ಲಿ ನೆಲೆಸಿರುವ ಶ್ರೀಶೈಲವು ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನ ಕ್ಷೇತ್ರವು. ಅಲ್ಲಿಗೆ ತಲುಪಿದ ಯಾತ್ರಿಕರು ಗರ್ಭಗೃಹದ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದು ಹೇಳಿದರು. ಬಾಲಕನು ಅದಕ್ಕೆ ಒಪ್ಪಲಿಲ್ಲ. ತನ್ನ ಕೈಯಿಂದ ಬೆಳಸೆಯನ್ನು ಉಂಡ, ತನ್ನೊಡನೆ ಮಾತನಾಡಿದ, ಹಸಿವುಳ್ಳ ಮಲ್ಲಯ್ಯನು ಬೇಕೆಂದು ಹಟತೊಟ್ಟು, ಗುಡಿಯಿಂದ ಹೊರಬಿದ್ದು ಬೆಟ್ಟದ ಕಲ್ಲುಮುಳ್ಳುಗಳಲ್ಲಿ ಅಲೆದನು. ಕಡೆಗೆ ಆಳವಾದ ಕಮರಿಯೊಂದರ ಅಂಚಿಗೆ ಬಂದು, ಮಲ್ಲಯ್ಯನಿಲ್ಲದ ಜೀವವು ತನಗೇಕೆಂದು ಧುಮುಕಲು ಉದ್ಯುಕ್ತನಾದಾಗ, ಭಕ್ತವತ್ಸಲನಾದ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿದು ಎತ್ತಿಕೊಂಡನು. ಇದೇ ಸಿದ್ಧರಾಮರಿಗೆ ಆದ ಸಾಕ್ಷಾತ್ಕಾರವು.

ಇಲ್ಲಿ ನಾವು ಸ್ವಲ್ಪ ನಿಂತು ವಿಚಾರಿಸಬೇಕು. ಈ ದರ್ಶನವು ಯಾವ ಕರ್ಮದ ಫಲವು? ಬಾಲಕನು ವೇದಾಗಮಗಳನ್ನು ಓದಿರಲಿಲ್ಲ. ವ್ರತಗಳನ್ನು ಲೆಕ್ಕವಿಟ್ಟು ಆಚರಿಸಿರಲಿಲ್ಲ. ಜನ್ಮಾಂತರದ ಸುಕೃತವೆಂದು ಹೇಳುವವರಿಗೆ ನಾವು ವಿರೋಧವನ್ನು ಹೇಳುವುದಿಲ್ಲ. ಆದರೆ ಸುಕೃತವು ಪಾತ್ರೆಯನ್ನು ತೊಳೆದಿಡಬಲ್ಲುದೇ ಹೊರತು ಅದರಲ್ಲಿ ಹಾಲನ್ನು ಎರೆಯಲಾರದು. ಎರೆಯುವವನು ಶಿವನೇ. ಕೂಲಿಯಂತೆ ಲೆಕ್ಕಹಾಕಿ ಪಡೆಯುವುದಾದರೆ ಅದು ದರ್ಶನವೆನಿಸದು, ವ್ಯಾಪಾರವೆನಿಸುವುದು. ಆದುದರಿಂದ ದರ್ಶನವಾಗಲಿಲ್ಲವೆಂದು ತನ್ನನ್ನು ಪಾಪಿಯೆಂದು ಹಳಿದುಕೊಳ್ಳುವ ಭಕ್ತನು ಈ ಬಾಲಕನನ್ನು ಸ್ಮರಿಸತಕ್ಕದ್ದು. ಊರೆಲ್ಲ ಯಾವನನ್ನು ಜಡನೆಂದಿತೋ ಅವನ ಮುಂದೆ ಶಿವನು ಹಸಿದವನಾಗಿ ಬಂದು ಕೈಯೊಡ್ಡಿದನು. ಮತ್ತೂ ಒಂದು ವಿಶೇಷವನ್ನು ಗಮನಿಸಬೇಕು. ಹೊಲದಲ್ಲಿ ಜಂಗಮನಿಗೆ ಬೆಳಸೆಯನ್ನು ನೀಡಿದಾಗಲೇ ಮೊದಲ ದರ್ಶನವು ಆಗಿಹೋಗಿದ್ದಿತು. ಆಗ ಅದು ದರ್ಶನವೆಂದು ಬಾಲಕನಿಗೆ ತಿಳಿದಿರಲಿಲ್ಲ ಅಷ್ಟೆ. ನಮ್ಮಲ್ಲಿ ಎಷ್ಟು ಮಂದಿಯ ಹೊಸ್ತಿಲಿಗೆ ಮಲ್ಲಯ್ಯನು ಬಂದು ಹೋಗಿರುವನೋ ಹೇಳಬಲ್ಲವರಾರು?

ದರ್ಶನವಿತ್ತ ದೇವನು ಬಾಲಕನನ್ನು ಶ್ರೀಶೈಲದಲ್ಲಿಯೇ ಇರಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂದಿರುಗಿ ಅದನ್ನು ಎರಡನೆಯ ಶ್ರೀಶೈಲವನ್ನಾಗಿ ಮಾಡುವಂತೆ ಅಪ್ಪಣೆಯಿತ್ತು ಕಳುಹಿಸಿದನು. ದರ್ಶನದ ಮಾರನೆಯ ಹೆಜ್ಜೆಯು ಊರಿನ ಕಡೆಗೆ ಇಡಲ್ಪಟ್ಟಿತು. ಸಿದ್ಧರಾಮರು ಮರಳಿ ಬಂದು ಮಲ್ಲಿಕಾರ್ಜುನನ ದೇವಾಲಯವನ್ನು ಕಟ್ಟಿಸಿದರು. ಊರಿನ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದರು. ಮಳೆಯು ಕಡಮೆಯಾದ ಆ ಬಯಲುಸೀಮೆಯಲ್ಲಿ ವಿಸ್ತಾರವಾದ ಕೆರೆಯನ್ನು ತೋಡಿಸಿದರು. ಹಸಿದವರಿಗೆ ಅನ್ನವನ್ನೂ ಬಡವರ ಮಕ್ಕಳಿಗೆ ವಿವಾಹವನ್ನೂ ಏರ್ಪಡಿಸಿದರು. ಅರಸರೂ ಪ್ರಜೆಗಳೂ ಇದಕ್ಕೆ ನೆರವಾದರು. ತಾವೂ ಮಣ್ಣು ಹೊತ್ತು, ತಮ್ಮೊಡನೆ ಸಹಸ್ರಾರು ಜನರನ್ನು ದುಡಿಮೆಗೆ ಹಚ್ಚಿದರು. ಯೋಗಿಯೆಂದರೆ ಗುಹೆಯಲ್ಲಿ ಕುಳಿತವನೆಂದು ತಿಳಿದಿದ್ದ ಲೋಕಕ್ಕೆ, ಗುದ್ದಲಿಯನ್ನು ಹಿಡಿದ ಯೋಗಿಯನ್ನು ನೋಡುವ ಭಾಗ್ಯವು ಲಭಿಸಿತು. ಇದರಿಂದಲೇ ಅವರಿಗೆ ಕರ್ಮಯೋಗಿಯೆಂಬ ಅಭಿಧಾನವು ಉಂಟಾಯಿತು.

ಅವರ ಬ್ರಹ್ಮಚರ್ಯನಿಷ್ಠೆಯನ್ನು ಕುರಿತು ಸೊಲ್ಲಾಪುರದಲ್ಲಿ ಒಂದು ಕಥೆಯು ಪ್ರಸಿದ್ಧವಾಗಿರುವುದು. ಪ್ರತಿನಿತ್ಯವೂ ಅವರ ಯೋಗಸ್ಥಾನದ ಅಂಗಳವನ್ನು ಸಾರಿಸಿ ರಂಗವಲ್ಲಿಯನ್ನಿಡುತ್ತಿದ್ದ ಕುಂಬಾರ ಕುಲದ ಕನ್ನಿಕೆಯೊಬ್ಬಳು ಅವರನ್ನೇ ವರಿಸಬೇಕೆಂದು ಸಂಕಲ್ಪಿಸಿದಳು. ಶಿವನಿಗೆ ಒಪ್ಪಿಸಿದ ದೇಹವು ಮತ್ತೊಂದು ಬಂಧಕ್ಕೆ ಸಲ್ಲದೆಂದು ಸಿದ್ಧರಾಮರು ತಿಳಿಹೇಳಿ, ಆಕೆಯ ಭಕ್ತಿಯನ್ನೂ ನಿರಾಕರಿಸಲಾರದೆ, ತಮ್ಮ ಯೋಗದಂಡದೊಡನೆ ವಿವಾಹವಾಗಲು ಅನುಮತಿಸಿದರು. ಸ್ತ್ರೀಯನ್ನು ಮಾಯೆಯೆಂದು ಜರೆಯದೆ, ಆಕೆಯಲ್ಲಿ ದೈವತ್ವವನ್ನೇ ಕಂಡ ಮಹಾನುಭಾವರು ಇವರೆಂಬುದು ಅವರ ವಚನಗಳಿಂದಲೂ ತಿಳಿದುಬರುವುದು.

ಇಷ್ಟಕ್ಕೆ ಕಥೆಯು ಮುಗಿದಿದ್ದರೆ ಸಿದ್ಧರಾಮರು ಒಬ್ಬ ಧರ್ಮಾತ್ಮರೆಂದು ಕೀರ್ತಿತರಾಗುತ್ತಿದ್ದರು. ಆದರೆ ಮುಂದಿನ ಪ್ರಸಂಗವೇ ಈ ಚರಿತ್ರೆಯ ಹೃದಯವು. ಕೆರೆಯ ಕೆಲಸವು ಭರದಿಂದ ಸಾಗುತ್ತಿದ್ದಾಗ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಕೆಲಸಗಾರರ ನಡುವೆ ನಿಂತು, ಒಡ್ಡರಾಮನು ಎಲ್ಲಿರುವನೆಂದು ವಿಚಾರಿಸಿದರು. ತಮ್ಮ ಗುರುವನ್ನು ಹೀಗೆ ಹಗುರವಾಗಿ ಕರೆದುದನ್ನು ಕೇಳಿ ಕೆರಳಿದ ಕೆಲಸಗಾರರು ಪ್ರಭುದೇವರ ಮೇಲೆ ಕಲ್ಲುಗಳನ್ನು ಬೀರಿದರು. ಕಲ್ಲುಗಳು ಅವರನ್ನು ತಾಗದೆ ಸುತ್ತಲೂ ರಾಶಿಯಾಗಿ ಬಿದ್ದುವು. ಸುದ್ದಿಯನ್ನು ಕೇಳಿ ಬಂದ ಸಿದ್ಧರಾಮರೂ ಕ್ರೋಧವಶರಾಗಿ ಹಣೆಗಣ್ಣನ್ನು ತೆರೆದರು. ಆ ಬೆಂಕಿಯು ಸುತ್ತಲೂ ಹಬ್ಬಿ ಜನರನ್ನು ನಡುಗಿಸಿದರೂ ಪ್ರಭುದೇವರ ಪಾದದಲ್ಲಿ ಅಡಗಿ ತಣ್ಣಗಾಯಿತೆಂದು ಶೂನ್ಯಸಂಪಾದನೆಯು ವರ್ಣಿಸುವುದು.

ಆಲೋಚಿಸಿರಿ, ಭಕ್ತಮಹಾಶಯರೇ. ಸಾಕ್ಷಾತ್ ಶಿವನೇ ಕೈಹಿಡಿದೆತ್ತಿದ ಮಹಾಪುರುಷರು. ಲೋಕಕ್ಕೆ ನೀರನ್ನೂ ಅನ್ನವನ್ನೂ ನೀಡಿದವರು. ಆದರೂ ಒಂದು ಹೆಸರಿನ ಮಾತಿಗೆ ಅವರಲ್ಲಿ ಬೆಂಕಿಯೆದ್ದಿತು. ಅದು ಎಲ್ಲಿಂದ ಬಂದಿತು? ಪ್ರಭುದೇವರ ಪರೀಕ್ಷೆಯ ಮರ್ಮವು ಇದೇ ಆಗಿದ್ದಿತು. ಕಲ್ಲುಮಣ್ಣಿನ ಕೆಲಸ ಮಾಡುವವನನ್ನು ಒಡ್ಡನೆಂದು ಕರೆಯುವುದರಲ್ಲಿ ಅವಮಾನವೇನಿರುವುದು? ಕೆಲಸವನ್ನು ಶಿವನಿಗೆ ಪೂರ್ಣವಾಗಿ ಒಪ್ಪಿಸಿದ್ದರೆ ಆ ಹೆಸರು ತಾಗುವುದಕ್ಕೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ತಾನು ಮಾಡಿದೆನೆಂಬ ಕರ್ತೃತ್ವಭಾವವು ಸೂಕ್ಷ್ಮವಾಗಿ ಉಳಿದಿದ್ದುದರಿಂದಲೇ ಅದು ತಾಗಿತು. ಪಾಪಕರ್ಮವು ಕಬ್ಬಿಣದ ಸಂಕೋಲೆಯಾದರೆ ಪುಣ್ಯಕರ್ಮವು ಚಿನ್ನದ ಸಂಕೋಲೆಯು. ಬಿಗಿಯುವುದರಲ್ಲಿ ಎರಡಕ್ಕೂ ಭೇದವಿಲ್ಲ. ಕೆರೆಯನ್ನು ಕಟ್ಟಿಸಿದವನಿಗೆ ಸ್ವರ್ಗವು ಲಭಿಸಬಹುದು. ಸ್ವರ್ಗದ ಭೋಗವು ತೀರಿದ ಮೇಲೆ ಮರಳಿ ಜನ್ಮವೂ ಲಭಿಸುವುದು. ಪ್ರಭುದೇವರು ಬೋಧಿಸಿದುದು ಈ ತತ್ತ್ವವನ್ನು. ಹೊರಗೆ ಗುಡಿಯನ್ನು ಕಟ್ಟುವವನು ತನ್ನ ದೇಹವೇ ಗುಡಿಯೆಂಬುದನ್ನು ಮರೆಯಬಾರದೆಂದು ಅವರು ತಿಳಿಯಪಡಿಸಿದರು. ಸಿದ್ಧರಾಮರ ಮಹತ್ತ್ವವು ಇಲ್ಲಿಯೇ ಪ್ರಕಾಶಕ್ಕೆ ಬರುವುದು. ತನ್ನ ಊರಿನಲ್ಲಿ, ತನ್ನ ಶಿಷ್ಯರ ಎದುರಿನಲ್ಲಿ, ತನ್ನ ಕೀರ್ತಿಯ ಮಧ್ಯಾಹ್ನಕಾಲದಲ್ಲಿ ತಿದ್ದಿದವರಿಗೆ ಅವರು ಶರಣಾದರು. ಅದ್ಭುತ ದರ್ಶನವನ್ನು ಪಡೆಯುವುದಕ್ಕಿಂತ ಇದು ಕಠಿನವಾದ ಸಾಧನೆಯು.

ಬಳಿಕ ಪ್ರಭುದೇವರು ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದು, ಅನುಭವಮಂಟಪದಲ್ಲಿ ಶರಣರ ಗೋಷ್ಠಿಯು ನಡೆಯುತ್ತಿದ್ದಿತು. ಸಿದ್ಧರಾಮರ ಎದೆಯ ಮೇಲೆ ಇಷ್ಟಲಿಂಗವಿರಲಿಲ್ಲವಾದುದರಿಂದ ಅವರಿಗೆ ದೀಕ್ಷೆಯಾಗಬೇಕೆಂಬ ವಿಚಾರವು ಹುಟ್ಟಿತು. ಸಿದ್ಧರಾಮರು ಮೊದಲು ಸಮ್ಮತಿಸಲಿಲ್ಲ. ಅಂತರಂಗದಲ್ಲಿ ಪರಶಿವನನ್ನು ಅನುಭವಿಸಿದವನಿಗೆ ಬಹಿರಂಗದ ಕುರುಹು ಏತಕ್ಕೆಂಬುದು ಅವರ ಆಕ್ಷೇಪಣೆಯಾಗಿದ್ದಿತು. ಈ ಆಕ್ಷೇಪಣೆಯು ಅಲ್ಪವಾದುದಲ್ಲ. ಇಂದಿಗೂ ವಿಚಾರವಂತರಾದ ಯುವಕರು ಇದನ್ನೇ ಕೇಳುವರು. ದೀರ್ಘವಾದ ಚರ್ಚೆಯು ನಡೆದು, ಕಡೆಗೆ ಸಿದ್ಧರಾಮರ ಸಂಶಯವು ಪರಿಹಾರವಾಗಿ, ಷಟ್‌ಸ್ಥಲಜ್ಞಾನಿಗಳಾದ ಚೆನ್ನಬಸವಣ್ಣನವರಿಂದ ಅವರು ಇಷ್ಟಲಿಂಗದೀಕ್ಷೆಯನ್ನು ಸ್ವೀಕರಿಸಿದರು. ವಯಸ್ಸಿನಿಂದ ತಮಗಿಂತ ಕಿರಿಯರಾದವರನ್ನು ಗುರುವಾಗಿ ಅಂಗೀಕರಿಸಿದುದು ಅವರ ನಿರಹಂಕಾರಕ್ಕೆ ಎರಡನೆಯ ಸಾಕ್ಷಿಯು.

ಇದರ ರಹಸ್ಯವನ್ನು ನಮ್ಮ ಸಿದ್ಧಾಂತದ ಕ್ರಮದಿಂದ ಹೀಗೆ ತಿಳಿಯಬಹುದಾಗಿದೆ. ಜೀವನನ್ನು ಆವರಿಸಿರುವ ಮಲಗಳು ಮೂರು : ಆಣವ, ಮಾಯಾ, ಕಾರ್ಮಿಕ. ವೇಧಾದೀಕ್ಷೆಯು ಕಾರಣತನುವಿನ ಆಣವಮಲವನ್ನೂ, ಮಂತ್ರದೀಕ್ಷೆಯು ಸೂಕ್ಷ್ಮತನುವಿನ ಮಾಯಾಮಲವನ್ನೂ, ಕ್ರಿಯಾದೀಕ್ಷೆಯು ಸ್ಥೂಲತನುವಿನ ಕಾರ್ಮಿಕಮಲವನ್ನೂ ನಿವಾರಿಸುವುವು. ಇವುಗಳಿಂದ ಕ್ರಮವಾಗಿ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳು ನೆಲೆಗೊಳ್ಳುವುವು. ಸಿದ್ಧರಾಮರಿಗೆ ಶ್ರೀಶೈಲದಲ್ಲಿ ಭಾವವು ಬೆಳಗಿತು. ಯೋಗಾಭ್ಯಾಸದಿಂದ ಪ್ರಾಣವು ಬೆಳಗಿತು. ಆದರೆ ದುಡಿಯುವ ಕೈಯಲ್ಲಿ ಲಿಂಗವಿರಲಿಲ್ಲ. ಯಾವ ಕೈಯಿಂದ ಕರ್ಮವು ಜರುಗುವುದೋ ಆ ಕೈಯಲ್ಲಿಯೇ ಇಷ್ಟಲಿಂಗವನ್ನು ಇರಿಸುವುದರ ಅಭಿಪ್ರಾಯವೇನೆಂದರೆ, ಆ ಕೈಯು ಮಾಡಿದುದೆಲ್ಲವೂ ಮೊದಲು ಅಲ್ಲಿ ಅರ್ಪಿತವಾಗಬೇಕೆಂಬುದು. ಅರ್ಪಿತವಾದ ಕರ್ಮವು ಕರ್ಮವೆಂಬ ಹೆಸರನ್ನು ಕಳೆದುಕೊಂಡು ಕಾಯಕವೆಂದೂ, ಅದರ ಫಲವು ಪುಣ್ಯವೆಂಬ ಹೆಸರನ್ನು ಕಳೆದುಕೊಂಡು ಪ್ರಸಾದವೆಂದೂ ಎನಿಸುವುವು. ಹುರಿದ ಬೀಜವು ಹಸಿವನ್ನು ತಣಿಸುವುದೇ ಹೊರತು ಮೊಳೆಯುವುದಿಲ್ಲ. ಬಾಲ್ಯದಲ್ಲಿ ಮಲ್ಲಯ್ಯನಿಗೆ ಹುರಿದಿತ್ತ ಬೆಳಸೆಯ ಅರ್ಥವು ಕಲ್ಯಾಣದಲ್ಲಿ ಪೂರ್ಣವಾಯಿತೆಂದು ನಾವು ಭಾವಿಸುವೆವು.

ಕಲ್ಯಾಣದ ಶರಣಗೋಷ್ಠಿಯಲ್ಲಿ ಸಿದ್ಧರಾಮರಿಗೆ ಪರಮಪದವಿಯು ದೊರೆಯಿತು. ಶೂನ್ಯಪೀಠದ ಪರಂಪರೆಯಲ್ಲಿ ಪ್ರಭುದೇವರು, ಚೆನ್ನಬಸವಣ್ಣನವರು, ಅನಂತರ ಸಿದ್ಧರಾಮೇಶ್ವರರು ಎಂಬ ಗಣನೆಯು ವೀರಶೈವ ಸಂಪ್ರದಾಯದಲ್ಲಿ ರೂಢವಾಗಿರುವುದು. ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳು ವಿಪುಲವಾಗಿ ದೊರೆತಿರುವುವು. ಅಲ್ಲದೆ ಬಸವಸ್ತೋತ್ರದ ತ್ರಿವಿಧಿ ಮೊದಲಾದ ತ್ರಿಪದಿಯ ಕೃತಿಗಳೂ ಅವರ ಹೆಸರಿನಲ್ಲಿರುವುವು. ಶ್ರೀಶೈಲದಲ್ಲಿ ದೇವರನ್ನೇ ಕಂಡವರು ಬಸವಣ್ಣನವರನ್ನು ಅಷ್ಟು ತುಂಬಿದ ಕಂಠದಿಂದ ಸ್ತುತಿಸಿದುದನ್ನು ನೋಡಿದರೆ, ದರ್ಶನವು ಅವರಲ್ಲಿ ಗರ್ವವಾಗಿ ಹೆಪ್ಪುಗಟ್ಟದೆ ಕೃತಜ್ಞತೆಯಾಗಿ ಕರಗಿತೆಂಬುದು ಸ್ಪಷ್ಟವಾಗುವುದು. ಕ್ರಿ. ಶ. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಸಿದ್ಧರಾಮರು ಸೊನ್ನಲಿಗೆಗೆ ಹಿಂದಿರುಗಿ, ಕಡೆಗೆ ಅಲ್ಲಿಯೇ ಸಮಾಧಿಸ್ಥರಾದರು. ತಾವು ತೋಡಿಸಿದ ಕೆರೆಯ ನಡುವೆ, ತಾವು ಕಟ್ಟಿದ ಕ್ಷೇತ್ರದಲ್ಲಿ ಅವರ ಸಮಾಧಿಯು ಇರುವುದು.

ಆ ಮಹಾತ್ಮರು ಕೆರೆಯನ್ನು ಕಟ್ಟಿದುದು ಬಂಧಕವೆಂದು ತಿಳಿದ ಮೇಲೆ ಕೆರೆಯನ್ನು ಮುಚ್ಚಿಸಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಬಿಡತಕ್ಕದ್ದು ಕರ್ತೃತ್ವವೇ ಹೊರತು ಕರ್ತವ್ಯವಲ್ಲ. ಎಂಟು ಶತಮಾನಗಳು ಕಳೆದರೂ ಸಿದ್ಧೇಶ್ವರನ ಆ ಕೆರೆಯು ಸೊಲ್ಲಾಪುರದ ಮಧ್ಯದಲ್ಲಿ ಕಂಗೊಳಿಸುವುದು. ಪ್ರತಿವರ್ಷವೂ ಮಕರಸಂಕ್ರಾಂತಿಯ ಸಮಯದಲ್ಲಿ ಅಲ್ಲಿ ಜಾತ್ರೆಯು ನೆರೆಯುವುದು. ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಹೊರಡುವುವು. 68 ಲಿಂಗಗಳಿಗೆ ತೈಲಾಭಿಷೇಕವು ಜರುಗುವುದು. ಸಮ್ಮತಿಕಟ್ಟೆಯ ಬಳಿಯಲ್ಲಿ ಯೋಗದಂಡದ ವಿವಾಹದ ಸ್ಮರಣಾರ್ಥವಾಗಿ ಅಕ್ಷತಾ ಮಹೋತ್ಸವವು ನಡೆಯುವುದು. ಸೊಲ್ಲಾಪುರದಲ್ಲಿಯೇ ಹುಟ್ಟಿ ಬೆಳೆದ ಶ್ರೀಮತಿ ಜಯದೇವಿತಾಯಿ ಲಿಗಾಡೆಯವರು (1912–1986) ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ಹಾಡಿ, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆಯೆನಿಸಿದರು. ಕರ್ನಾಟಕದಲ್ಲಿ ನೊಳಂಬ ಲಿಂಗಾಯತರು ಸಿದ್ಧರಾಮರನ್ನು ತಮ್ಮ ಆರಾಧ್ಯಗುರುವೆಂದು ಪೂಜಿಸುವರು. ಕಲ್ಲುಮಣ್ಣಿನ ಕಾಯಕವನ್ನೇ ಕುಲಕಸುಬನ್ನಾಗಿ ಉಳ್ಳ ಭೋವಿ ಸಮಾಜದವರೂ ಅವರನ್ನು ಕುಲಗುರುವೆಂದು ಆರಾಧಿಸುವರು. ಯಾವ ಹೆಸರನ್ನು ಕೇಳಿ ಅಂದು ಹಣೆಗಣ್ಣು ತೆರೆದಿದ್ದಿತೋ ಆ ಒಡ್ಡರೆಂಬ ಹೆಸರಿನ ಜನರೇ ಇಂದು ಅಭಿಮಾನದಿಂದ ಅವರನ್ನು ತಮ್ಮವರೆನ್ನುವರು. ಪ್ರಭುದೇವರ ಆ ಮಾತು ಬೈಗುಳವಾಗಿ ತೋರಿ ಆಶೀರ್ವಾದವಾಗಿ ಪರಿಣಮಿಸಿತು.

ಆದಕಾರಣ, ಸದ್ಭಕ್ತರು ದರ್ಶನವಾಗಲಿಲ್ಲವೆಂದು ವ್ಯಸನಪಡುವುದೂ ಬೇಡ. ಆಯಿತೆಂದು ಬೀಗುವುದೂ ಬೇಡ. ಅನುಭವವು ಬಂದುದು ನಿಜವೋ ಅಲ್ಲವೋ ಎಂಬುದನ್ನು ಅರಿಯುವುದಕ್ಕೆ ಸಿದ್ಧರಾಮರ ಬಾಳು ಎರಡು ಒರೆಗಲ್ಲುಗಳನ್ನು ನಮಗೆ ಇತ್ತಿರುವುದು. ಅದು ನಮ್ಮನ್ನು ಹಸಿದವರ ಕಡೆಗೂ ಬಾಯಾರಿದವರ ಕಡೆಗೂ ತಿರುಗಿಸಿತೇ ಎಂಬುದು ಮೊದಲನೆಯದು. ಯಾರಾದರೂ ನಮ್ಮನ್ನು ಕಡಮೆಯ ಹೆಸರಿನಿಂದ ಕರೆದಾಗ ನಮ್ಮೊಳಗಿನ ಬೆಂಕಿಯು ತಣ್ಣಗೆ ಉಳಿಯಿತೇ ಎಂಬುದು ಎರಡನೆಯದು. ಇವೆರಡೂ ಕೂಡಿಬಂದಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಮಲ್ಲಯ್ಯನು ಕೈಹಿಡಿದಿರುವನೆಂದೇ ತಿಳಿಯತಕ್ಕದ್ದು. ಇವು ಇಲ್ಲದಿದ್ದಲ್ಲಿ ಸಹಸ್ರ ದರ್ಶನಗಳಾದರೂ ಮತ್ತೊಂದು ಕರ್ಮವೇ ಆಗಿ ಉಳಿಯುವುವು. ಅರುವತ್ತೆಂಟು ಲಿಂಗಗಳನ್ನು ಊರಿನ ಸುತ್ತಲೂ ನಿಲ್ಲಿಸಿದ ಮಹಾತ್ಮರು ಕಡೆಗೆ ಒಂದು ಲಿಂಗವನ್ನು ಅಂಗೈಯಲ್ಲಿ ಪಡೆದು ಕೃತಾರ್ಥರಾದರು. ಆ ಒಂದು ಲಿಂಗವು ಗುರುಕರುಣೆಯಿಂದ ನಮ್ಮೆಲ್ಲರ ಅಂಗೈಯಲ್ಲಿ ಈಗಾಗಲೇ ಇರುವುದು. ನಮ್ಮ ನಿತ್ಯದ ದುಡಿಮೆಯನ್ನು ಅಲ್ಲಿ ಒಪ್ಪಿಸುವ ಬುದ್ಧಿಯನ್ನು ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು ಸಕಲ ಸದ್ಭಕ್ತರಿಗೂ ಕರುಣಿಸಲಿ.

ಇತಿ ಶಿವಂ. ಮಂಗಲಮಸ್ತು.